ಬಾನೆಟ್ಟಿಗೆ ಕಿಂಡಿ ಬಿದ್ದ ಸಂಗತಿ

ಅಪ್ಪಾಜಿಗೆ ರೋಣದಿಂದ ಶಾಂಭವಿಯ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನೀವು ಕೂಗಾಡುತ್ತೀರಿ, ಮಗು ಏಳುತ್ತದೆ. ಅದಕ್ಕೇ ಈ ಪತ್ರ.

ಬಾಣಂತನ ಮುಗಿಸಿ ನರೇಗಲ್ಲಿನಿಂದ ನಿಮ್ಮ ಕಾರಿನಲ್ಲಿ ಬಂದೆವಲ್ಲ, ಆವತ್ತು ನಿಮ್ಮ ಮೊಮ್ಮಗಳು ದಾರಿಯುದ್ದಕ್ಕೂ ಕಣ್ತುಂಬ ನಿದ್ದೆ ಮಾಡಿದಳು. ಅಂದಿನಿಂದ ಅವಳಿಗೆ ತೊಟ್ಟಿಲು ಬೇಡ, ಜೋಗುಳ ಬೇಡ. ಕಾರೇ ಬೇಕು, ಅದರ ಎಂಜಿನ್ ಚಾಲೂ ಇರಬೇಕು. ಕಿಟಕಿಗಳನ್ನೆಲ್ಲ ತೆರೆದೇ ಇಡುತ್ತೇನೆ, ಹೆದರಬೇಡಿ. ಆದರೆ ದಿನಾ ಮಧ್ಯಾಹ್ನ ಅಂಗಳದಲ್ಲಿ ನಿಂತಲ್ಲೇ ಗುರುಗುಟ್ಟಿ ಗುರುಗುಟ್ಟಿ ಎಂಜಿನ್ ಕಾದು ಹಬೆಯಾಡಿತು. ನಿಮ್ಮ ಅಳಿಯ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವೆಲ್ಡರನನ್ನು ಕರೆತಂದು, "ಕಾವು ಹೊರಗ ಹೋಗ್ಲಿ" ಎಂದು ಬಾನೆಟ್ ಕತ್ತರಿಸಿ ಮೂರು ಕಿಂಡಿ ಮಾಡಿಸಿದ್ದಾರೆ.

ನೋಡಿದ ಅತ್ತೆ ಮೊದಲು ಹಣೆ ಚಚ್ಚಿಕೊಂಡರು. ಈಗ, "ಇಷ್ಟ ಕಾವು ಸುಮ್ನ ದಂಡ ಆಗತೈತಲ್ಲವಾ" ಎಂದು ಕಿಂಡಿಗಳ ಮೇಲೆ ರೊಟ್ಟಿ ಹರವುತ್ತಾರೆ. ಖರೇ ಹೇಳುತ್ತೇನೆ, ಭಾಳ ಚಲೋ ಗರಿಗರಿ ಕಟಕ್ ಆಗುತ್ತವೆ. ಪಕ್ಕದ ಮನೆಯವರೂ ನಿನ್ನೆ ಬುಟ್ಟಿ ಹಿಡಿದು ಬಂದು ಅತ್ತೆಗೆ, "ಚನ್ನವ್ವಾರ, ನಮ್ಮವೂ ಒಂದೀಟ ಇಡ್ರಲಾ" ಎಂದರು.

ರವಿವಾರ ನೀವು ಕಾರು ಒಯ್ಯಲು ಬರುತ್ತೀರೆಂದು ಅವ್ವ ಹೇಳಿದಳು. ಬನ್ನಿ, ಆದರೆ ಹೋಗುವಾಗ ಬಸ್ಸಿಗೆ ಹೋಗಿ. ಮಗುವಿಗೆ ತೊಟ್ಟಿಲು ರೂಢಿಯಾಗುವವರೆಗೆ ಕಾರು ಇಲ್ಲಿರಲಿ. ಅವಳ ಪಕ್ಕದಲ್ಲಿ ನನಗೂ ಅಲ್ಲೇ ಅಷ್ಟಿಷ್ಟು ಕಣ್ಣು ಹತ್ತುತ್ತದೆ.

ಅಳಿಯನನ್ನು ಧಾರಾಳವಾಗಿ ಬೈಯಿರಿ. ಅದಕ್ಕೆ ಮೊದಲು ಹಿಂದಿನ ಸೀಟಿನಲ್ಲಿ ಮೊಮ್ಮಗಳ ಹತ್ತಿರ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ನೀವೂ ಮಲಗಿಬಿಡುತ್ತೀರಿ.

ಕಣ್ಣೆಳೆಯುತ್ತಿರುವ ನಿಮ್ಮ ಮಗಳು,
ಶಾಂಭವಿ