ಓದುವ ಬೆರಳು, ಬೆಸುಗೆಯ ಬಿಸಿ

ಒಸಾಕಾ
ಫೆಬ್ರವರಿ ೧೦

ನನ್ನ ಚಿನ್ನ ಶಿಹೋ,

ಅಮ್ಮ ಕ್ಷೇಮ. ನೀನು ಹೊಸ ವರ್ಷಕ್ಕೆ ಬಂದು ಹೋಗಿ, ಕನಜಾವಾ ಸೇರಿದ ಕೂಡಲೇ ಕಾಗದ ಹಾಕಿದೆ. ಉತ್ತರ ಬರೆಯಲು ನಾನು ತಿಂಗಳು ಮಾಡಿದೆ. ಸಿಟ್ಟಾಗಬೇಡ. ನೀನು ರೈಲು ಹತ್ತಿದ ಮಾರನೆಯ ದಿನವೇ ಎಡಗೈ ತೋರುಬೆರಳು ಸುಟ್ಟುಕೊಂಡೆ. ನೀನಾದರೆ ಬ್ರೈಲ್ ಕಾಗದವನ್ನು ಬೆಳಕಿಗೆ ಓರೆ ಹಿಡಿದು ಕಣ್ಣಿನಲ್ಲೇ ಓದಿಬಿಡುತ್ತೀ. ನನಗೆ ಓದಲು ಇರುವುದು ಅದೊಂದೇ ಬೆರಳು. ಹೊಸ ಚರ್ಮ ಬರುವವರೆಗೆ ನಿನ್ನ ಚುಕ್ಕಿಗಳೆಲ್ಲ ಹಿಟ್ಟು ಮುಟ್ಟಿದ ಹಾಗಿದ್ದವು. ಕುರುಡಿಗೆ ಇನ್ನೊಂದು ಸಲ ಕಣ್ಣು ಹೋದಂತಾಗಿ ತುಂಬಾ ಹೆದರಿದ್ದೆ.

ಸುಟ್ಟದ್ದು ಆ ಹಳೆಯ ಸೋಲ್ಡರಿಂಗ್ ಐರನ್. ನೀನು ಹುಟ್ಟಿದ ವರ್ಷ ಕೊಂಡದ್ದು, ಕತ್ತು ಉದ್ದ, ತುದಿ ಸಡಿಲ. ಅದರಲ್ಲೇ ಎಷ್ಟು ರೇಡಿಯೋ ಕಟ್ಟಿಲ್ಲ ನಾನು. ಪಾಪ, ಅದರ ತಪ್ಪಲ್ಲ. ಅವತ್ತು ಮನಸ್ಸು ಎಲ್ಲೋ ಇತ್ತು, ಕೈ ಇನ್ನೆಲ್ಲೋ ಹೋಯಿತು.

ಮೊನ್ನೆ ಸೂಜಿಗಳಿಗೆ ಕೈಮುಗಿಯುವ ದಿನವಿತ್ತಲ್ಲ, ಅಕ್ಯುಪಂಕ್ಚರ್ ಚಿಕಿತ್ಸೆಯಲ್ಲಿ ಬಾಗಿಹೋದ ನನ್ನ ಸೂಜಿಗಳನ್ನು ಎಂದಿನಂತೆ ದೇವಸ್ಥಾನಕ್ಕೆ ಒಯ್ದು ತೋಫುವಿನಲ್ಲಿ ಚುಚ್ಚಿದೆ. ವರ್ಷವಿಡೀ ಗಟ್ಟಿ ಬೆನ್ನುಗಳನ್ನು ಕಂಡವು, ಕೊನೆಗಾದರೂ ಮೆತ್ತನೆಯ ಹಾಸಿಗೆ ಸಿಗಲಿ. ಜೊತೆಗೆ ಐರನ್ನಿನ ತುದಿಯನ್ನೂ ಬಿಚ್ಚಿ ತಂದಿದ್ದೆ. ಪಕ್ಕದಲ್ಲಿದ್ದ ಹೊಲಿಗೆಯಾಕೆ ಕೇಳಿದಳು, "ಅಕ್ಕಾ, ಇದೆಂಥಾ ಸೂಜಿ? ಆನೆಗೆ ಚುಚ್ಚೋದಾ?"

"ರೇಡಿಯೋಗೆ ಹೊಲಿಗೆ ಹಾಕೋದು ಕಣಮ್ಮಾ" ಅಂದೆ. ಚುಚ್ಚಿದ್ದೇ ತಡ, ತೋಫು ಎರಡು ಹೋಳಾಯಿತು. ದೇವಸ್ಥಾನದ ಗುರುಗಳು ಸುಮ್ಮನೆ ಕೆಮ್ಮಿದರು.

ಅಲ್ಲಿಂದ ನೇರ ನಿಪ್ಪೊನ್‌ಬಾಶಿಗೆ, ಕದೊವಾಕಿಯವರ ಬಿಡಿಭಾಗಗಳ ಅಂಗಡಿಗೆ. ಅವರ ಬಾಯಿ ನಿನಗೆ ಗೊತ್ತಲ್ಲ.

"ಇದು ನೋಡಿ ಅಕ್ಕಾ, ಹೊಸ ಮಾಲು. ಎಷ್ಟು ಬಿಸಿ ಆಯ್ತು ಅಂತ ಕೆಂಪಂಕೀಲಿ ತೋರಿಸುತ್ತೆ."

"ಯಾರಿಗೆ?"

ಅವರು ನಕ್ಕುಬಿಟ್ಟರು. "ನನ್ನ ಬುದ್ಧಿಗಿಷ್ಟು ಸೀಸ ಹೊಯ್ಯ. ಇರಿ, ಬೇರೆ ತೆಗೀತೀನಿ."

ಒಂದೊಂದೇ ಕೈಗೆ ಕೊಟ್ಟರು. ಒಂದು ಕಡ್ಡಿಯಷ್ಟು ಹಗುರ, ಮೇಜಿನ ಮೇಲೆ ಉರುಳಿಹೋಗುತ್ತದೆ. ಉರುಳಿದ್ದನ್ನು ನಾನು ಹುಡುಕುವುದು ಬೆರಳಿನಿಂದಲೇ ತಾನೇ. ಇನ್ನೊಂದರ ಹಿಡಿಯಿಂದ ತುದಿ ಬಹು ದೂರ, ಕೈ ಅಲ್ಲಾಡಿದರೆ ಗುರಿ ತಪ್ಪುತ್ತದೆ. "ಹೆಣ್ಣು ನೋಡೋಕೆ ಬಂದ ಅತ್ತೆ ಥರ ಮಾಡ್ತೀರಲ್ಲ" ಅಂದರು. "ಅತ್ತೆ ತಪ್ಪಿದ್ರೆ ಸೊಸೆ ಅಳ್ತಾಳೆ, ಇಲ್ಲಿ ನಾನೇ ಅಳಬೇಕು" ಅಂದೆ.

ಕೊನೆಗೆ ಸಿಕ್ಕಿತು: ಪಿಸ್ತೂಲಿನ ಹಾಗೆ ಗುಂಡಿ ಇರುವ ಪುಟ್ಟದೊಂದು. ಒತ್ತಿದರೆ ಮಾತ್ರ ಕಾಯುತ್ತದೆ. ತಣ್ಣಗಿರುವಾಗಲೇ ತುದಿಯನ್ನು ಬೆರಳಿನಲ್ಲಿ ಮುಟ್ಟಿ ಜಾಗಕ್ಕೆ ತಂದು, ಕೂಡಿಸುವಲ್ಲಿ ಬೆಸುಗೆ ತಂತಿಯನ್ನು ಮೊದಲೇ ಸುತ್ತಿ, ಬೆರಳು ತೆಗೆದು, ಆಮೇಲೆ ಒತ್ತಬೇಕು. ಅದನ್ನಿಡಲು ಅಗಲ ಬಾಯಿಯ, ಭಾರದ ಸ್ಟ್ಯಾಂಡೂ ಕೊಂಡೆ. ಬಿಸಿ ಐರನ್ನಿಗೆ ಎದುರಿನಿಂದ ಎಂದೂ ಕೈ ಚಾಚಬಾರದು. ಕರೆಂಟಿನ ವೈರು ಹಿಡಿದು ಹಿಂದಿನಿಂದ ಹೋದರೆ ಹಿಡಿಯೇ ಕೈಗೆ ಬರುತ್ತದೆ.

ಗಲ್ಲೆಯ ಮೇಲೇ ಒಂದು ಬೆಸುಗೆ ಹಾಕಿ ನೋಡಿದೆ. ಬೆಸುಗೆ ತಂತಿಯೊಳಗಿನ ಪೈನ್ ರಾಳದ ಹೊಗೆ ಮೂಗಿಗೆ ಬಂತು, ಕರಗಿತು ಅಂತ ಗೊತ್ತಾಯಿತು. ಆ ವಾಸನೆಗೆ ನಾನು ಅಂಗಡಿಯಲ್ಲಿರಲಿಲ್ಲ ಶಿಹೋ. ನಮ್ಮೂರ ಕಡಲದಂಡೆಯ ಪೈನ್ ತೋಪಿನಲ್ಲಿದ್ದೆ, ನಿನ್ನ ವಯಸ್ಸಿನವಳಾಗಿ. ನನಗೆ ಮೊದಲು ಹೋದದ್ದು ಸಂಜೆಗಳು. ಎಲ್ಲರಿಗಿಂತ ಮೊದಲೇ ನನ್ನೊಬ್ಬಳಿಗೆ ಕತ್ತಲಾಗುತ್ತಿತ್ತು, ಮರಗಳು ಒಂದೊಂದಾಗಿ ಎದ್ದುಹೋಗುತ್ತಿದ್ದವು. ನಾನು ಯಾರಿಗೂ ಹೇಳದೆ, ತಂಗಾಳಿಯಲ್ಲಿ ನಿಂತು, ಕಡಲಿನ ಸದ್ದು ಹಿಡಿದು ಮನೆಗೆ ಬರುತ್ತಿದ್ದೆ.

"ಎರಡು ಕೊಡಿ" ಅಂದೆ.

"ಎರಡ್ಯಾಕಕ್ಕಾ, ಎರಡೂ ಕೈಲಿ ಬೆಸುಗೆ ಹಾಕ್ತೀರಾ?"

ನಾನು ದುಡ್ಡು ಎಣಿಸಿ ಮುಂದಿಟ್ಟೆ. ಅವರು ಎರಡನ್ನೂ ಬೇರೆ ಬೇರೆ ಕಟ್ಟಿಕೊಟ್ಟರು.

ಬೆರಳು ಸುಟ್ಟು ಅರ್ಧಕ್ಕೆ ನಿಂತಿದ್ದ ರೇಡಿಯೋ ನಿನ್ನೆ ಕಟ್ಟಿ ಮುಗಿಯಿತು. ಮಧ್ಯಾಹ್ನ ಕೊಟಾಟ್ಸು ಮೇಜಿನ ಕಂಬಳಿಯೊಳಗಿನ ಬಿಸುಪಿನಲ್ಲಿ ಕಾಲಿಟ್ಟು ಮಲಗಿದ್ದಾಗ, ಅದರಲ್ಲಿ ಕಡಲಾಚೆಯ ಯಾವಳೋ ನನಗೆ ತಿಳಿಯದ ಭಾಷೆಯಲ್ಲಿ ಹಾಡುತ್ತಿದ್ದಳು, ಅಲೆಯ ಹಾಗೆ ಬಂದು ಬಂದು ಹೋಗುತ್ತ. ಅರೆನಿದ್ದೆಯಲ್ಲಿ ನಿನ್ನನ್ನೇ ತಟ್ಟಿ ಮಲಗಿಸುತ್ತಿದ್ದೇನೆ ಅನ್ನಿಸಿತು.

ಹೊತ್ತಿಗೆ ಸರಿಯಾಗಿ ಉಣ್ಣು. ಬಟ್ಟೆಗೆ ಬಣ್ಣ ಹಾಕುವ ಕೆಲಸ ಮುಗಿಸಿ ತೊಟ್ಟಿಯ ತಣ್ಣೀರಿನಿಂದ ಬಂದಮೇಲೆ ಕೈಗೆ ಎಣ್ಣೆ ಹಚ್ಚು. ನಿನ್ನ ಹತ್ತೂ ಬೆರಳು ತಣ್ಣಗಿರಲಿ, ತಾಯಿ.

ನಿನ್ನ
ಅಮ್ಮ

ತಾ.ಕ.: ಹೊಸ ವರ್ಷದ ಹಬ್ಬದ ದಿನ ನನಗೆ ಚಹಾ ಬಗ್ಗಿಸುವಾಗ ನೀನು ಬಟ್ಟಲೊಳಗೆ ಬೆರಳಿಟ್ಟು "ಸ್ಸ್" ಅಂದದ್ದು ಕೇಳಿಸಿತು. ಬಟ್ಟಲು ತುಂಬಿತೇ ಅಂತ ಕಣ್ಣು ಕಾಣುವವರು ಬೆರಳನ್ನು ಕೇಳುವುದಿಲ್ಲ. ಇನ್ನೂ ಬಿಸಿಲಿರುವಾಗಲೇ ನೀನು ದೀಪ ಹಾಕಿದೆ. ಸ್ವಿಚ್ಚಿನ ಸದ್ದೂ ಕೇಳಿಸಿತು. ಬೆರಳು ಸುಟ್ಟುಕೊಂಡ ದಿನ ನನ್ನ ಮನಸ್ಸಿದ್ದದ್ದು ಅಲ್ಲೇ. ನನ್ನ ಕಣ್ಣು ನಿನಗೂ ಬಂತಲ್ಲ ಅಂತ ಅತ್ತಿದ್ದೇನೆ, ಅಷ್ಟು ಸಾಕು. ಎರಡನೆಯ ಐರನ್ ನಿನ್ನದು, ಮನೆಗೆ ಬಂದಾಗ ಕಲಿಸುತ್ತೇನೆ. ಚಹಾಕ್ಕೆ ಬೆರಳು ಅದ್ದಬೇಡ, ಬಟ್ಟಲು ತುಂಬುತ್ತ ಬಂದ ಹಾಗೆ ಅದರ ಸ್ವರ ಏರುತ್ತದೆ, ಕೇಳು. ಈಗ ದೀಪ ಆರಿಸಿ ಈ ಕಾಗದವನ್ನು ಇನ್ನೊಂದು ಸಲ ಬೆರಳಿನಲ್ಲಿ ಓದು. ನಿನಗೆ ಸುಲಭವಾಗಲಿ ಅಂತ ಚುಕ್ಕಿಗಳನ್ನು ಒತ್ತಿ ಒತ್ತಿ ಬರೆದಿದ್ದೇನೆ.