ಅವ್ವ ಸುಲಭ ಮಾಡಿಸಿದ ಸಾಲು

ಅವ್ವಾ,

ನಿನ್ನೆ ಕಥೋಲಿಕ ಪ್ರಕಾಶನದ ಸಿಸ್ಟರ್ ಲವೀನಾ ಶಿಕಾರಿಪುರಕ್ಕೆ ಬಂದಿದ್ದರು. ಪ್ರಾರ್ಥನೆ ಪುಸ್ತಕವನ್ನು ಹೊಸದಾಗಿ ಅಚ್ಚು ಹಾಕಿಸುತ್ತಾರಂತೆ. ನಲವತ್ತು ವರ್ಷದ ಹಿಂದೆ, ಅಚ್ಚಿಗೆ ಕೊಡುವ ಮೊದಲು ಫಾದರ್ ನಿನಗೆ ಓದಿ ಹೇಳುತ್ತಿದ್ದರಲ್ಲ? ಓದು ಬಾರದ ನೀನು ತಿರುಗಿ ಹೇಳುವಾಗ ಎಲ್ಲಿ ತಡವರಿಸುತ್ತಿದ್ದೆಯೋ ಆ ಸಾಲು ತಿದ್ದುತ್ತಿದ್ದರು. ಆ ಪದ್ಧತಿ ಇನ್ನೂ ಇದೆ. ಈಗ ನಿನ್ನ ಜಾಗದಲ್ಲಿ ನಾನು ಕೂತು ಓದುತ್ತೇನೆ.

ಮೃತರ ಪ್ರಾರ್ಥನೆಯವರೆಗೆ ಸರಾಗವಾಗಿ ಓದಿದೆ. ಅದರಲ್ಲಿ ಹೆಸರಿನ ಜಾಗ ಖಾಲಿ ಇತ್ತು.

"ಯಾರದಾದ್ರೂ ಒಂದು ಹೆಸರು ಹಾಕ್ಕೊಳ್ರಿ ಫಿಲೋಮಿನಕ್ಕ," ಅಂದರು.

"ದೇವರೇ, ನಿನ್ನ ಮಗಳು ಇನ್ನಾಸಮ್ಮ..." ಎಂದೆ. ಮುಂದೆ ಹೋಗಲಿಲ್ಲ. ನಿನ್ನ ಮಣ್ಣಿಗೆ ನಾನು ಬಂದಿರಲಿಲ್ಲವಲ್ಲ, ನಿನ್ನ ಹೆಸರು ಸೇರಿಸಿ ಆ ಪ್ರಾರ್ಥನೆ ಓದಿದ್ದು ಇದೇ ಮೊದಲು.

"ಈ ಸಾಲು ಕಷ್ಟ ಆಗುತ್ತೆ, ಬದಲಾಯಿಸ್ತೀನಿ," ಎಂದು ಸಿಸ್ಟರ್ ಪೆನ್ಸಿಲ್ ಎತ್ತಿದರು. ನೀನು ಹಟ ಹಿಡಿದು ಫಾದರ್ ಕೈಯಲ್ಲಿ ಸುಲಭ ಮಾಡಿಸಿದ ಸಾಲು ಅದು: 'ಇವಳನ್ನು ನಿನ್ನ ಮನೆಗೆ ಸೇರಿಸಿಕೋ.'

"ಬ್ಯಾಡ್ರಿ ಸಿಸ್ಟರ್, ಸಾಲು ಚೆನ್ನಾಗೈತೆ. ಹಾಕ್ಕೊಂಡಿದ್ದು ನಮ್ಮವ್ವನ ಹೆಸರು, ಅದಕ್ಕೇ ತಡವರಿಸಿದೆ."

"ಹಂಗಾದ್ರೆ ಇನ್ನೊಂದ್ಸಲ ಓದ್ರಿ, ನೋಡಾಣ."

ಓದಿದೆ. ಈ ಸಲ ನನ್ನ ಹೆಸರನ್ನೇ ಹಾಕಿಕೊಂಡೆ. ಎಲ್ಲೂ ತಡವರಿಸಲಿಲ್ಲ. ಸಿಸ್ಟರ್ ಪೆನ್ಸಿಲ್ ಕೆಳಗಿಟ್ಟು ಪುಟ ತಿರುಗಿಸಿದರು.

ಫಿಲೋಮಿನಾ