ತಳದ ಸ್ವರ

ಅಕ್ಟೋಬರ್ 6, ಭಾನುವಾರ

ಪ್ರಾಕ್ಟೀಸ್. ಕೊಬ್ಬರಿ ಗೋಡೌನ್ ಮೇಲಿನ ಅದೇ ರೂಮು. ಗಿಟಾರಿಗೆ ಕೇಬಲ್ ಸಿಕ್ಕಿಸುವ ತೂತಿನಲ್ಲಿ ಮತ್ತೆ ನಾರಿನ ಧೂಳು. ಒರೆಸಿದೆ. ಒರೆಸಿದರೂ ಕರಕರ.

ಹೊಸ ಆಂಪ್ಲಿಫೈಯರ್ ಬಂದಿದೆ. ನೋಡಲು ಫ್ರಿಜ್ ಹಾಗೆ, ಸೌಂಡು ಸೊಳ್ಳೆ ಹಾಗೆ. ತಳವೇ ಇಲ್ಲ. ಬೇಸ್ ಗಿಟಾರಿನ ದಪ್ಪ ತಂತಿ ಮೀಟಿದರೆ ಎದೆಗೆ ಬಂದು ಬಡಿಯಬೇಕು. ಇದು ಖಾಲಿ ಡಬ್ಬ ತಟ್ಟಿದ ಹಾಗೆ. ಹಳೇ ಆಂಪೂ ಕೊನೆಕೊನೆಗೆ ಹೀಗೇ ಆಗಿತ್ತು. ಈಗಿನ ಸಾಮಾನೇ ಇಷ್ಟು. ನಾಲ್ಕು ನೀಲಿ ಲೈಟು ಹಾಕಿಬಿಟ್ಟರೆ ಮುಗಿಯಿತು.

ಆರ್ಕೆಸ್ಟ್ರಾ ಓನರ್ ಸೂರ್ಯಪ್ರಕಾಶ್ ಕೀಬೋರ್ಡ್ ಬಿಟ್ಟು ಎದ್ದು ಬಂದರು. "ಮೇಡಂ, ಐದ್ ತಂತೀದ್ ತಗೊಳ್ರಿ. ವಿಡಿಯೋಲಿ ಚೆನ್ನಾಗ್ ಕಾಣುತ್ತೆ."

ಕಾಣುತ್ತಂತೆ! ನಾಲ್ಕು ತಂತಿಯಲ್ಲಿ ಏನೂ ಮಾಡಲಾಗದವರಿಗೆ ಐದನೆಯದು ಬೇಕು. ಅದರ ಕತ್ತು ನೋಡಿದ್ದೇನೆ, ದೋಸೆ ಹಂಚಿನ ಅಗಲ.

ಸೌಂಡ್ ನೋಡಿಕೊಳ್ಳುವ ಜ್ಞಾನೇಶ್ ಕ್ಲಿಪ್ ಟ್ಯೂನರ್ ತಂದುಕೊಟ್ಟ. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದು. ಗಿಟಾರಿನ ತಲೆಗೆ ಸಿಕ್ಕಿಸಿದರೆ ಶ್ರುತಿ ಸರಿ ಇದ್ದಾಗ ಹಸಿರು ಲೈಟು ಬರುತ್ತದೆ. ವಾಪಸ್ ಕೊಟ್ಟೆ. ಇಪ್ಪತ್ತನಾಲ್ಕು ವರ್ಷ ಕಿವಿಯಲ್ಲೇ ಶ್ರುತಿ ಮಾಡಿದ್ದೇನೆ. ಕಿವಿ ಇಲ್ಲದವರು ಲೈಟು ನೋಡಲಿ.

ರಿದಂ ಪ್ಯಾಡ್ ಬಾರಿಸುತ್ತಿದ್ದ ಇವರು, "ವನಜಾ, ಆಂಪ್ ಒಸಿ ಕಮ್ಮಿ ಮಾಡು" ಅಂದರು. ಇರುವುದೇ ಕೇಳಿಸುತ್ತಿಲ್ಲ. ಇನ್ನು ಕಮ್ಮಿ ಏನು ಮಾಡಲಿ? ಗಂಡ ಅಂತ ಸುಮ್ಮನಿದ್ದೆ.

ಅಕ್ಟೋಬರ್ 9

ಮೂರು ಬ್ಲೌಸ್ ಕೊಡುವುದಿತ್ತು. ಒಂದೇ ಹೊಲಿದೆ. ಉಳಿದ ಹೊತ್ತೆಲ್ಲ ತಂತಿಗೆ ಹೋಯಿತು. ಬಿಚ್ಚಿ, ಪಾತ್ರೆಗೆ ಹಾಕಿ ಕುದಿಸಿದೆ. ಜಿಡ್ಡು ಬಿಟ್ಟರೆ ಹಳೇ ತಂತಿಯೂ ಹೊಸದರ ಹಾಗೆ ನುಡಿಯುತ್ತದೆ ಅಂತ ಮೈಲಾರಣ್ಣ ಹೇಳಿಕೊಟ್ಟದ್ದು. ಕೋರಸ್ ಹಾಡಲು ಬಂದಿದ್ದ ಹತ್ತೊಂಬತ್ತರ ಹುಡುಗಿಗೆ ಬೇಸ್ ಕಲಿಸಿ, ತನ್ನ ಗಿಟಾರನ್ನೂ ನನಗೇ ಬಿಟ್ಟು, ಲೈನ್‌ಮನ್ ಕೆಲಸ ಸಿಕ್ಕಿತು ಅಂತ ಹೋದ ಪುಣ್ಯಾತ್ಮ.

ಅತ್ತೆ ಅಡುಗೆಮನೆಯಿಂದ ಬಂದರು. "ಒಲೆ ಮೇಲೆ ಶ್ಯಾವ್ಗೆ ಅಂದ್ಕಂಡೆ ಕಣವ್ವಾ. ಸೌಟು ಹಾಕಿದ್ರೆ ಕಬ್ಣ! ಎರಡ್ಸಲ ಕೂಗ್ದೆ, ಕಿವೀಗೇನ್ ಹತ್ತಿ ಇಟ್ಕಂಡಿದ್ಯಾ?"

ತಂತಿ ಹಾಕಿ ನುಡಿಸಿದೆ. ಅದೇ ಸತ್ತ ಸೌಂಡು. ಥೂ.

ಎಡಗಿವಿಯಲ್ಲಿ ನೀರು ನಿಂತ ಹಾಗಿದೆ. ದೂರದಲ್ಲಿ ಬೋರ್‌ವೆಲ್ ಮೋಟಾರು ಓಡುವಂಥ ಸದ್ದು ಬೇರೆ. ತಲೆಗೆ ನೀರು ಹಾಕಿಕೊಂಡದ್ದಕ್ಕೆ ಇರಬೇಕು. ಎಣ್ಣೆ ಬೆಚ್ಚಗೆ ಮಾಡಿ ಎರಡು ತೊಟ್ಟು ಬಿಟ್ಟುಕೊಂಡೆ.

ಅಕ್ಟೋಬರ್ 20, ಭಾನುವಾರ

ತುರುವೇಕೆರೆ. ಹಳೇ ವಿದ್ಯಾರ್ಥಿಗಳ ಸಮ್ಮಿಲನ. ಬೆಳಗಿನ ಪ್ರೋಗ್ರಾಂ.

ಹೇಸಿಗೆ ಆಯಿತು. ಗಾಯಕ ಕಲ್ಲೇಶ್ ಮೊಬೈಲ್ ನೋಡಿಕೊಂಡು ಹಾಡುತ್ತಾನೆ. ಇಪ್ಪತ್ತು ವರ್ಷದಿಂದ ಹಾಡುವ ಪಲ್ಲವಿ, ನಾಲ್ಕು ಸಾಲು ಬಾಯಿಗೆ ಬಾರದು. ಮಟಮಟ ಬಿಸಿಲಲ್ಲಿ ಸ್ಮೋಕ್ ಮಶೀನು. ಕೆಮ್ಮಿಕೊಂಡು ನುಡಿಸಿದೆ. ಜ್ಞಾನೇಶನಿಗೆ ಮಿಕ್ಸರ್ ಅಂದರೆ ಅಡುಗೆಮನೆಯದ್ದೇ ಇರಬೇಕು. ಕೆಳಗಿನ ಸೌಂಡು ಏರಿಸು ಅಂತ ಮೂರು ಸಲ ಸನ್ನೆ ಮಾಡಿದೆ. ಮೂರು ಸಲವೂ ಹೆಬ್ಬೆರಳು ತೋರಿಸಿದ. ಕೂದಲಷ್ಟೂ ಬದಲಾಗಲಿಲ್ಲ.

ಮುಗಿದ ಮೇಲೆ ಒಬ್ಬ ಮೇಷ್ಟ್ರು ಬಂದು, "ಲೇಡೀಸ್ ಗಿಟಾರ್ ಸೂಪರ್ ಕಣ್ರೀ. ಆದ್ರೆ ಅದ್ರಿಂದ ಯಾವ ಸೌಂಡ್ ಬರೋದು?" ಅಂದರು. ಏನು ಹೇಳುವುದು? ಬೇಸ್ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲದಿದ್ದರೆ ಗೊತ್ತಾಗುತ್ತದೆ. ಅದರ ಮರ್ಯಾದೆಯೇ ಅದು.

ವ್ಯಾನಿನಲ್ಲಿ ಇವರು, "ಚೆನ್ನಾಗ್ ನುಡಿಸ್ದೆ ಕಣೇ" ಅಂದರು. ಈಗೀಗ ಪ್ರತಿ ಸಲ ಅನ್ನುತ್ತಾರೆ. ಮೊದಲೆಲ್ಲ ತಪ್ಪು ಹುಡುಕಿ ಹುಡುಕಿ ಜಗಳಕ್ಕೆ ಬರುತ್ತಿದ್ದರು. ವಯಸ್ಸಾಯಿತು.

ನವೆಂಬರ್ 4, ಬೆಳಿಗ್ಗೆ 6

ನಿನ್ನೆ ಸಂಜೆ ದಂಡಿನಶಿವರ. ರಾಜ್ಯೋತ್ಸವದ ಪ್ರೋಗ್ರಾಂ. ಬರೆಯಲು ಕೈ ಬರುತ್ತಿಲ್ಲ. ಆದರೂ—

ಐದನೇ ಹಾಡು. ಡ್ಯಾನ್ಸಿನವರು ಯಾರೋ ನನ್ನ ಕೇಬಲ್ ತುಳಿದರು. ಗಿಟಾರಿನಿಂದ ಕಿತ್ತು ಬಂತು. ನನ್ನ ಆಂಪ್ ಸುಮ್ಮನಾಯಿತು. ಎತ್ತಿಕೊಳ್ಳಲು ಬಗ್ಗಿದೆ.

ಬೇಸ್ ನಿಲ್ಲಲಿಲ್ಲ.

ನನ್ನ ಎರಡು ಕೈಯೂ ಕೇಬಲ್ ಮೇಲಿವೆ. ಬೇಸ್ ಹೋಗುತ್ತಲೇ ಇದೆ, ಜನರ ಕಡೆ ಇಟ್ಟ ದೊಡ್ಡ ಸ್ಪೀಕರುಗಳಿಂದ. ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಯಿತು. ಸ್ಟೇಜಿನ ಹಲಗೆ ಅದುರುತ್ತಿತ್ತು. ಸೂರ್ಯಪ್ರಕಾಶ್ ಕೀಬೋರ್ಡಿನ ಪಕ್ಕ ಇಟ್ಟ ಲ್ಯಾಪ್‌ಟಾಪಿನಲ್ಲಿ ಮೊದಲೇ ತುಂಬಿಟ್ಟ ಬೇಸ್.

ಎದ್ದು ನಿಂತೆ. ಕೇಬಲ್ ಹಾಕಲಿಲ್ಲ. ಸದ್ದಿಲ್ಲದ ಗಿಟಾರಿನ ಮೇಲೆ ಬೆರಳಾಡಿಸಿ ಹಾಡು ಮುಗಿಸಿದೆ. ಚಪ್ಪಾಳೆ. ಇವರ ಕಡೆ ತಿರುಗಿದೆ. ನನ್ನನ್ನೇ ನೋಡುತ್ತಿದ್ದರು. ತಲೆ ತಗ್ಗಿಸಿದರು.

ಸಾಮಾನು ಕಟ್ಟುವಾಗ ಜ್ಞಾನೇಶನನ್ನು ಹಿಡಿದೆ. "ಮಿಕ್ಸರಲ್ಲಿ ನನ್ ಚಾನೆಲ್ ಮ್ಯೂಟ್ ಮಾಡಿದ್ಯಾ?"

"ಅಕ್ಕಾ..."

"ಹೌದೋ ಇಲ್ವೋ?"

"ನಿಮ್ಮನೆಯವ್ರನ್ನೇ ಕೇಳಿ ಅಕ್ಕಾ. ಅವ್ರು ಹೇಳ್ದಂಗೆ ಮಾಡಿದ್ದು."

ವ್ಯಾನಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂತೆ.

ಅದೇ ದಿನ, ಮಧ್ಯಾಹ್ನ

ಇವರ ಮೋಟಾರ್ ರಿಪೇರಿ ಅಂಗಡಿಗೇ ಹೋದೆ. ಮನೆಯಲ್ಲಿ ಅತ್ತೆ ಎದುರಿಗೆ ಬೇಡ ಅಂತ. ಒಂದು ಸುಟ್ಟ ಪಂಪ್ ಮೋಟಾರು ಬಿಚ್ಚಿಕೊಂಡು, ತಾಮ್ರದ ತಂತಿ ಸುತ್ತುತ್ತಿದ್ದರು.

"ಎಷ್ಟು ದಿನದಿಂದ?"

ಯಾವುದು ಅಂತ ಕೇಳಲಿಲ್ಲ. ಅಷ್ಟು ಮರ್ಯಾದೆ ಇಟ್ಟುಕೊಂಡರು. "ಯುಗಾದಿ ಆದ್ಮೇಲಿಂದ."

ಏಳು ತಿಂಗಳು.

"ಯಾಕೆ?"

"ಸುರುತಿ ಕೆಳಗ್ ಬೀಳ್ತಿತ್ತು ವನಜಾ. ಒಂದ್ ಕೂದ್ಲೆಳೆ. ಮೊದ್ಲು ಒಂದೆರಡು ಹಾಡಲ್ಲಿ. ಆಮೇಲೆ ಎಲ್ಲಾದ್ರಲ್ಲೂ. ಹಾಡೋರು ತಡವರಿಸೋರು. ಸೂರ್ಯಪ್ರಕಾಶ್ ನಿನ್ನ ತಗೀತೀನಿ ಅಂದ. ನಾನೇ, ಲ್ಯಾಪ್‌ಟಾಪಲ್ಲಿ ಹಾಕ್ಕಳಿ, ಅವಳ್ನ ತಗೀಬೇಡಿ ಅಂದೆ."

"ನಂಗೆ ಹೇಳ್ಬೋದಿತ್ತಲ್ರೀ."

"ಹೇಳಿದ್ರೆ ಗಿಟಾರೇ ಬುಟ್ಟುಬುಡ್ತಿದ್ದೆ. ಒಂದ್ ಸ್ವರ ತಪ್ಪಿದ್ರೆ ಮೂರ್ ದಿನ ಊಟ ಸೇರ್ದಿರೋಳು ನೀನು. ನಂಗೊತ್ತಿಲ್ವಾ?"

"ಅದಕ್ಕೆ ಪ್ರತಿ ಸಲ ಚೆನ್ನಾಗ್ ನುಡಿಸ್ದೆ ಅಂದ್ರಾ?"

ತಾಮ್ರದ ತಂತಿ ಕೆಳಗಿಟ್ಟು, "ಪಕ್ಕದಲ್ಲಿ ನೀನಿಲ್ದಿದ್ರೆ ನಂಗೆ ಕೈ ಓಡಲ್ಲ ಕಣೇ" ಅಂದರು.

ಇದಕ್ಕೆ ಕರಗಬೇಕಿತ್ತೇನೋ. ಕರಗಲಿಲ್ಲ. ಏಳು ತಿಂಗಳು ನಾಲ್ಕು ಜನ ನನ್ನ ಬೆನ್ನ ಹಿಂದೆ ಕಣ್ಣಲ್ಲೇ ಮಾತಾಡಿಕೊಂಡಿದ್ದಾರೆ. ಸೀರೆಗೆ ಮ್ಯಾಚಿಂಗ್ ಬ್ಲೌಸ್ ಹೊಲಿದುಕೊಂಡು, ಬೆರಳ ತುದಿ ಒಡೆದು ರಕ್ತ ಬರುವ ತನಕ ಪ್ರಾಕ್ಟೀಸ್ ಮಾಡಿಕೊಂಡು ಹೋಗಿ ನಿಂತಿದ್ದೇನೆ. ಯಾರಿಗೂ ಕೇಳಿಸಿಲ್ಲ.

ನವೆಂಬರ್ 5

ಅನ್ನ ಬಡಿಸಿದೆ. ಅಷ್ಟೇ.

ನವೆಂಬರ್ 9

ಶ್ರುತಿ ಬಿತ್ತು ಅನ್ನುವುದೇ ಸುಳ್ಳು, ಅಂತ ಮೂರು ದಿನ ಅಂದುಕೊಂಡೆ. ಲೇಡೀಸ್ ಅಂತ, ವಯಸ್ಸಾಯಿತು ಅಂತ ತೆಗೆಯಲು ಹೂಡಿದ ಆಟ. ಸಾಕ್ಷಿ ಬೇಕು ಅಂತ ಜ್ಞಾನೇಶನಿಗೆ ಫೋನ್ ಮಾಡಿದೆ. ಮ್ಯೂಟ್ ಇದ್ದರೂ ಆ ಮಿಕ್ಸರು ಎಲ್ಲರದೂ ಬೇರೆಬೇರೆ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತದಂತೆ. ತುರುವೇಕೆರೆಯ ಎರಡು ಹಾಡು ಕಳಿಸಿದ. ನನ್ನ ಬೇಸ್, ಜೊತೆಗೆ ಕೀಬೋರ್ಡ್, ಬೇರೇನಿಲ್ಲ.

ಹೆಡ್‌ಫೋನಿನ ಒಂದೇ ಕಡೆ ಎಡಗಿವಿಗಿಟ್ಟು ಕೇಳಿದೆ. ಸರಿಯಾಗೇ ಇದೆ! ಕುಣಿಯುವಷ್ಟು ಸಿಟ್ಟು ಬಂತು. ಫೋನ್ ಮಾಡಿ ಎಲ್ಲರ ಜನ್ಮ ಜಾಲಾಡಬೇಕು ಅಂತ ಮೊಬೈಲ್ ಎತ್ತಿಕೊಂಡೆ. ಯಾಕೋ ಬಲಗಿವಿಗೂ ಇಟ್ಟೆ.

ಕೆಳಗಿದೆ.

ಎಡಕ್ಕೆ ಇಟ್ಟರೆ ಸರಿ. ಬಲಕ್ಕೆ ಇಟ್ಟರೆ ತಪ್ಪು. ಅದೇ ಹಾಡು, ಅದೇ ಸ್ವರ. ಹತ್ತು ಸಲ ಬದಲಾಯಿಸಿ ನೋಡಿದೆ. ಬಲಗಿವಿಯಲ್ಲಿ ಕೇಳಿಸುವ ಆ ಹೆಂಗಸು ಯಾರೋ... ಕೀಬೋರ್ಡಿನ ಕೆಳಗೆ ಕೆಳಗೇ ಎಳೆದುಕೊಂಡು ಹೋಗುತ್ತಾಳೆ. ಅಷ್ಟು ಧೈರ್ಯವಾಗಿ ಬೇರೆ! ನಾನು ಇಂಥವರನ್ನು ಕಂಡರೆ ಉಗಿಯುತ್ತಿದ್ದೆ.

ಶ್ರುತಿ ಮಾಡುವಾಗ ಎಡಗಿವಿಯನ್ನೇ ಆಂಪಿಗೆ ಕೊಡುತ್ತೇನೆ. ಇಪ್ಪತ್ತನಾಲ್ಕು ವರ್ಷದ ಅಭ್ಯಾಸ.

ಹೊಲಿಗೆ ಮಶೀನಿನ ಮೇಲೆ ತಲೆಯಿಟ್ಟು ಕೂತೆ.

ನವೆಂಬರ್ 18, ಸೋಮವಾರ

ತುಮಕೂರು. ಕಿವಿ ಡಾಕ್ಟರು. ಇವರೂ ಬಂದರು. ಬೇಡ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ.

ಗಾಜಿನ ಡಬ್ಬದಲ್ಲಿ ಕೂರಿಸಿ ಸದ್ದು ಕೇಳಿಸಿದರು. ಕೇಳಿಸಿದರೆ ಗುಂಡಿ ಒತ್ತಬೇಕು. ಎಡಗಡೆಗೆ ಬಂದಾಗ ಎಷ್ಟೋ ಹೊತ್ತು ಗುಂಡಿ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಿದ್ದೆ.

ಡಾಕ್ಟರಮ್ಮ ಕಾಗದದ ಗೀಟು ತೋರಿಸಿ ಹೇಳಿದರು. "ವಯಸ್ಸಾದ್ರೆ ಸಾಮಾನ್ಯವಾಗಿ ಮೇಲಿನ ಸ್ವರ ಮೊದಲು ಹೋಗುತ್ತೆ. ನಿಮ್ಗೆ ಉಲ್ಟಾ. ಎಡಗಿವೀಲಿ ತಳದ ಸ್ವರ ಹೋಗಿದೆ. ಉಳಿದಿರೋದೂ ಬೇರೆ ಶ್ರುತೀಲಿ ಕೇಳಿಸ್ತಿದೆ. ಒಳಗಿವೀಲಿ ನೀರಿನ ಒತ್ತಡ. ತಲೆ ಸುತ್ತು ಬರ್ತಿತ್ತಾ?"

ಬರುತ್ತಿತ್ತು. ಬಿ.ಪಿ. ಅಂದುಕೊಂಡಿದ್ದೆ.

"ವಾಪಸ್ ಬರುತ್ತಾ ಮೇಡಂ?"

"ಒಂದಷ್ಟು ಬರಬಹುದು. ಬಂದು ಮತ್ತೆ ಹೋಗಬಹುದು. ಪೂರ್ತಿ ಬರುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಉಪ್ಪು ಕಮ್ಮಿ ಮಾಡಿ. ಸ್ಪೀಕರ್ ಪಕ್ಕ ನಿಲ್ಲಬೇಡಿ."

ಈ ವರ್ಷ ನನ್ನ ಹತ್ತಿರ ನೇರವಾಗಿ ಮಾತಾಡಿದ ಮೊದಲ ಮನುಷ್ಯರು ಈ ಡಾಕ್ಟರಮ್ಮ. ಬಸ್ಸಿನಲ್ಲಿ ಇವರು ಬಲಗಡೆ ಬಂದು ಕೂತರು. ಕೇಳಿಸಲಿ ಅಂತ.

ಈಗ ಅಕ್ಟೋಬರಿನ ಪುಟ ತಿರುವಿ ಓದಿದೆ. ಆಂಪಿಗೆ ತಳ ಇಲ್ಲ, ತಂತಿ ಸತ್ತಿದೆ, ಜ್ಞಾನೇಶನಿಗೆ ಕೆಲಸ ಗೊತ್ತಿಲ್ಲ... ಅಸಹ್ಯ. ಯಾವುದರಲ್ಲೂ ಏನೂ ಕೆಟ್ಟಿರಲಿಲ್ಲ. ಬೈದದ್ದೆಲ್ಲ ವಾಪಸ್. ಐದು ತಂತಿ ಬಗ್ಗೆ ಬರೆದದ್ದು ಮಾತ್ರ ವಾಪಸ್ ಇಲ್ಲ.

ನವೆಂಬರ್ 21

ಸೂರ್ಯಪ್ರಕಾಶ್ ಮನೆಗೇ ಬಂದಿದ್ದರು. ಬಾಳೆಹಣ್ಣು, ಸೇಬು.

"ಆರ್ಕೆಸ್ಟ್ರಾ ಬುಡೋದೆಲ್ಲ ಬೇಡ ಮೇಡಂ. ಹಿಂಗೇ ನಿಂತ್ಕಳಿ ಸಾಕು. ರೀಲ್ಸಲ್ಲಿ ನಮ್ ಆರ್ಕೆಸ್ಟ್ರಾ ಅಂದ್ರೆ ನೀವೇ. ಸೌಂಡ್ ನಾವ್ ನೋಡ್ಕತೀವಿ."

"ಹಂಗಾದ್ರೆ ಸೀರೆ ಅಂಗಡಿ ಬೊಂಬೆ ತಂದು ನಿಲ್ಸಿ. ಕೈಗೊಂದು ಗಿಟಾರ್ ಕಟ್ಟಿ."

"ಬೊಂಬೆ ಸ್ಮೈಲ್ ಮಾಡಲ್ವಲ್ಲಾ ಮೇಡಂ!"

ತಮಾಷೆ ಅಂದುಕೊಂಡು ನಕ್ಕರು. ನಾನು ಅವರ ಹಲ್ಲು ನೋಡುತ್ತ ಕೂತಿದ್ದೆ. ಕೆಟ್ಟವರಲ್ಲ. ಅದೇ ಇನ್ನೂ ಹೇಸಿಗೆ. ಉಪಕಾರ ಮಾಡುತ್ತಿದ್ದೇನೆ ಅಂತಲೇ ನಂಬಿದ್ದಾರೆ.

"ಚಿಕ್ಕನಾಯಕನಹಳ್ಳಿ ಪ್ರೋಗ್ರಾಂಗೆ ಬರ್ತೀನಿ. ಒಂದು ಹಾಡಿಗೆ ನನ್ ಚಾನೆಲ್ ಮ್ಯೂಟ್ ತೆಗೀಬೇಕು. ಆಮೇಲೆ ನಾನೇ ಹೋಗ್ತೀನೋ ಇರ್ತೀನೋ ಹೇಳ್ತೀನಿ" ಅಂದೆ.

"ರಿಸ್ಕು ಮೇಡಂ. ಎಮ್ಮೆಲ್ಲೆ ಬರ್ತಾರೆ."

ಹೊಸಿಲಲ್ಲಿ ನಿಂತಿದ್ದ ಇವರು ಬಾಯಿಬಿಟ್ಟರು. "ಮ್ಯೂಟ್ ತಗೀರಿ. ಇಲ್ಲಾಂದ್ರೆ ಪ್ಯಾಡೂ ನೀವೇ ಬಾರಿಸ್ಕಳಿ."

ಸೂರ್ಯಪ್ರಕಾಶ್ ನಗು ಹೋಯಿತು. ನಾನು ಥ್ಯಾಂಕ್ಸ್ ಹೇಳಲಿಲ್ಲ. ಹೇಳುವುದೂ ಇಲ್ಲ.

ಡಿಸೆಂಬರ್ 1, ಬೆಳಿಗ್ಗೆ

ಒಂಬತ್ತು ದಿನ ಬರೆಯಲಿಲ್ಲ. ನುಡಿಸಿದೆ. ಉಪ್ಪಿಲ್ಲದ ಸಾರು, ಕ್ಲಿಪ್ ಟ್ಯೂನರು. ಹೌದು, ತರಿಸಿಕೊಂಡೆ. ಆ ಹಸಿರು ಲೈಟು ಕಂಡರೆ ಮೈ ಉರಿಯುತ್ತದೆ. ಇಪ್ಪತ್ತನಾಲ್ಕು ವರ್ಷದ ಕಿವಿ ಬಟ್ಟೆ ಕ್ಲಿಪ್ಪಿನ ಅಪ್ಪಣೆ ಕೇಳಬೇಕು.

ನಿನ್ನೆ ಚಿಕ್ಕನಾಯಕನಹಳ್ಳಿ. ಜಾಗ ಬದಲಾಯಿಸಿ, ಬಲಗಿವಿ ಇವರ ಕಡೆ ಬರುವ ಹಾಗೆ, ಸ್ಪೀಕರಿಗೆ ದೂರವಾಗಿ ನಿಂತೆ. ಎಡಗಿವಿಗೆ ಹತ್ತಿ. ಚಪ್ಪಲಿ ಬಿಟ್ಟೆ. ಹಲಗೆ ಕಾಲಿಗೆ ತಾಗಲಿ ಅಂತ. ಆರನೆಯದು ನಿಧಾನದ ಹಳೇ ಹಾಡು. ಲ್ಯಾಪ್‌ಟಾಪಿನ ಬೇಸ್ ನಿಂತಿತು. ಜ್ಞಾನೇಶ್ ದೂರದಿಂದ ಕೈ ಎತ್ತಿದ. ಮ್ಯೂಟ್ ತೆಗೆದ ಅಂತ.

ಮೊದಲ ಸ್ವರ ಹಾಕಿದೆ. ಅಂಗಾಲಿಂದ ಮೊಳಕಾಲಿಗೆ ಹತ್ತಿತು. ನನ್ನದು. ತಡವಾಗಿ ಕೇಳಿಸಿತು, ತೆಳುವಾಗಿ ಕೇಳಿಸಿತು. ಆದರೆ ನನ್ನದು. ಹೆಚ್ಚಿಗೆ ಏನೂ ಹಾಕಲಿಲ್ಲ. ಇರುವಷ್ಟೇ ಸ್ವರ. ಎಮ್ಮೆಲ್ಲೆ ಫೋನ್ ನೋಡುತ್ತಿದ್ದರು. ಜನಕ್ಕೆ ಏನೂ ಗೊತ್ತಾಗಲಿಲ್ಲ. ಚಪ್ಪಾಳೆಯೂ ಸುಮಾರು.

ವ್ಯಾನಿನಲ್ಲಿ ಇವರ ಪಕ್ಕದಲ್ಲೇ ಕೂತೆ. "ಹೇಳಿ" ಅಂದೆ. "ಸುಳ್ಳು ಹೇಳಿದ್ರೆ ಇಲ್ಲೇ ಇಳ್ದುಬಿಡ್ತೀನಿ."

ಮೇಷ್ಟ್ರು ವಿದ್ಯಾರ್ಥಿಗೆ ಮಾರ್ಕ್ಸ್ ಕೊಡುವ ಹಾಗೆ ಬಹಳ ಹೊತ್ತು ಯೋಚಿಸಿದರು. "ಸುರುತಿ ಸರಿಯಾಗಿತ್ತು. ಎರಡ್ನೇ ಚರಣದಲ್ಲಿ ತಾಳಕ್ಕೆ ಹಿಂದೆ ಬಿದ್ದೆ. ಎರಡ್ ಸಲ."

ಯುಗಾದಿಯಿಂದೀಚೆಗೆ ಮೊದಲ ಸಲ ಹೊಟ್ಟೆ ತಣ್ಣಗಾಯಿತು.

ಡಿಸೆಂಬರ್ 1, ಮಧ್ಯಾಹ್ನ 3

ಬೆಳಗಿನಿಂದ ಯೋಚಿಸುತ್ತಿದ್ದೇನೆ. ಎರಡನೇ ಚರಣದಲ್ಲಿ ನಾನು ಹಿಂದೆ ಬೀಳಲಿಲ್ಲ. ಇವರು ಓಡಿದ್ದು. ಭಯಕ್ಕೆ ಓಡಿದ್ದು, ನಾನು ತಪ್ಪುತ್ತೇನೆ ಅಂತ. ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ.

"ನಾನಾ? ಓಡಿದ್ದಾ? ಲೇ, ಬಾಯಿಗೆ ಬಂದಂಗೆ ಮಾತಾಡ್ಬೇಡ."

"ಜ್ಞಾನೇಶ್ ಮಾಡಿದ್ ರೆಕಾರ್ಡ್ ಇದ್ಯಲ್ಲಾ. ಹಾಕಿ."

"ಹಾಕ್ತೀನಿ ಕಣೇ. ಹಾಕೇ ಹಾಕ್ತೀನಿ."

ಕೈ ತೊಳೆದು ಬಂದು ಫೋನು ಹುಡುಕುತ್ತಿದ್ದಾರೆ. ಅತ್ತೆ, "ಶುರುವಾಯ್ತಪ್ಪಾ ಇವ್ರ್ ಜಗಳ, ಎಷ್ಟ್ ದಿನ ಆಗಿತ್ತು" ಅಂತ ಎದ್ದು ಆಚೆ ಹೋದರು. ಹಾಡು ಬರುತ್ತಿದೆ. ಮೊದಲ ಚರಣ. ಬಲಗಿವಿ ಕೊಟ್ಟು ಕೂತಿದ್ದೇನೆ. ಬಂತು, ಎರಡನೆಯದು... ನೋಡಿ, ಇಲ್ಲೇ, ಇಲ್ಲೇ ನೀವು—